ಒಂದೇ ಬಾವಿಯ ಊರು

ಬೆಂಗಳೂರು
೮ ಜುಲೈ ೧೯೭೪

ಅಪ್ಪನಿಗೆ,

ಬಂದು ಸೇರಿದೆ. ಬಸ್ಸಿನಲ್ಲಿ ವಾಂತಿ ಮಾಡಲಿಲ್ಲ, ಅವ್ವನಿಗೆ ಹೇಳಿ. ಅವಳು ಕಟ್ಟಿಕೊಟ್ಟ ಹುರಿಹಿಟ್ಟು ಹಾಸ್ಟೆಲಿಗೆ ಬಂದ ಮಾರನೇ ದಿನಕ್ಕೇ ಖಾಲಿಯಾಯಿತು. ನಾನೊಬ್ಬಳೇ ತಿಂದದ್ದಲ್ಲ. ಕೋಣೆಯಲ್ಲಿ ಇನ್ನಿಬ್ಬರಿದ್ದಾರೆ, ಧಾರವಾಡದ ಕಡೆಯವಳೊಬ್ಬಳು, ಕೋಲಾರದವಳೊಬ್ಬಳು. ನಾನು ‘ಓಯ್ತೀನಿ, ಬತ್ತೀನಿ’ ಅಂದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಾರೆ. ನಗಲಿ. ಧಾರವಾಡದವಳು ಉಪ್ಪು ಕೇಳಿದರೂ ಜಗಳಕ್ಕೆ ಬಂದಳೇನೋ ಅನ್ನಿಸುತ್ತದೆ, ಆಗ ನಾವು ನಗುತ್ತೇವೆ. ಹಾಸ್ಟೆಲಿನಲ್ಲಿ ಬೆಳಿಗ್ಗೆ ನೀರು ಬರುವುದು ಒಂದೇ ನಲ್ಲಿಯಲ್ಲಿ. ಯಾರು ಮೊದಲು ಬಕೆಟ್ಟು ಇಟ್ಟರೋ ಅವರದು. ಅಲ್ಲಿ ಯಾರೂ ನನ್ನ ಜಾತಿ ಕೇಳಲಿಲ್ಲ, ನನ್ನ ಬಕೆಟ್ಟನ್ನು ಮಾತ್ರ ಕಾಲಲ್ಲಿ ಪಕ್ಕಕ್ಕೆ ತಳ್ಳಿದರು. ಹಾಗಂತ ಬೆಂಗಳೂರು ಸ್ವರ್ಗ ಅಂದುಕೊಳ್ಳಬೇಡಿ. ಬಾಡಿಗೆ ಮನೆ ಕೇಳಲು ಹೋದವರಿಗೆ ಇಲ್ಲಿ ಮೊದಲ ಪ್ರಶ್ನೆಯೇ ‘ನೀವು ಯಾವ ಪೈಕಿ’ ಅಂತ.

ವಿಶ್ವವಿದ್ಯಾನಿಲಯದ ಒಂದು ತರಗತಿಗೆ ನಮ್ಮ ನಂಜಪ್ಪನದೊಡ್ಡಿಯ ಎರಡು ಬೀದಿಯನ್ನೂ ತುಂಬಬಹುದು. ನಾನು ಓದುವುದು ಚರಿತ್ರೆ, ಸಮಾಜಶಾಸ್ತ್ರ, ಕನ್ನಡ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನೀವು, ‘ಇದ್ನೆಲ್ಲಾ ಓದಿ ಏನಾಯ್ತೀಯಮ್ಮಿ?’ ಅಂತ ಕೇಳಿದಿರಿ. ಚರಿತ್ರೆಯ ಮೇಷ್ಟ್ರು ಮೊದಲ ದಿನ ಯಾವ ರಾಜನ ಹೆಸರನ್ನೂ ಹೇಳಲಿಲ್ಲ. ಕೋಟೆ ಕಟ್ಟಲು ಕಲ್ಲು ಹೊತ್ತವರು ಮಧ್ಯಾಹ್ನ ಏನು ಉಣ್ಣುತ್ತಿದ್ದರು ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದಲ್ಲೂ ಇಲ್ಲ, ಇವತ್ತಿನ ಪಾಠ ಇಷ್ಟೇ ಅಂತ ಹೇಳಿ ಹೊರಟೇಹೋದರು. ನನಗೆ ಆ ಪಾಠ ಬಹಳ ಹಿಡಿಸಿತು.

ನಿಮ್ಮ ಷರತ್ತು ಮರೆತಿಲ್ಲ. ಎಲ್ಲದರಲ್ಲೂ ಪಾಸಾದರೆ ಎರಡನೇ ವರ್ಷಕ್ಕೆ ಬೆಂಗಳೂರು. ಒಂದರಲ್ಲಿ ಬಿದ್ದರೂ ಯಳಂದೂರಿನ ಅಕ್ಕಿ ಗಿರಣಿಯ ಗುರುಪಾದಸ್ವಾಮಿಗೆ ಹೆಂಡತಿ. ಆ ಮನುಷ್ಯನ ಮೇಲೆ ನನಗೆ ದ್ವೇಷವಿಲ್ಲ. ಆದರೆ ನಾನು ಬೀಳುವುದಿಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಸಮಾಜಶಾಸ್ತ್ರದ ಪ್ರೊಫೆಸರ್ ಸದಾಶಿವಪ್ಪನವರು ಪ್ರತಿಯೊಬ್ಬರಿಗೂ ತಮ್ಮ ತಮ್ಮ ಊರಿನ ಅಧ್ಯಯನ ಕೊಟ್ಟಿದ್ದಾರೆ. ಅದಕ್ಕೆ ಪ್ರತ್ಯೇಕ ಅಂಕ ಉಂಟು, ಅದರಲ್ಲಿ ಬಿದ್ದರೂ ಬಿದ್ದಂತೆಯೇ. ಮೊದಲು ಮನೆಯ ಹಿರಿಯರಿಗೆ ಕಾಗದ ಬರೆದು ಕೇಳಬೇಕು, ಅವರು ಅವರ ಕೈಯಲ್ಲೇ ಉತ್ತರ ಬರೆಯಬೇಕು. ಊರಲ್ಲಿ ಬೀದಿ ಎಷ್ಟು, ಯಾರು ಎಲ್ಲಿ ವಾಸ, ಸ್ಕೂಲಿನಲ್ಲಿ ಮಕ್ಕಳು ಹೇಗೆ ಕೂರುತ್ತಾರೆ, ಕುಡಿಯುವ ನೀರು ಎಲ್ಲಿಂದ, ಯಾರಿಗೆ ಯಾವ ಬಾವಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ನಿಮ್ಮ ಮಗಳು
ಶಿವರತ್ನ


ನಂಜಪ್ಪನದೊಡ್ಡಿ, ಶಾಗ್ಯದ ಹತ್ತಿರ
೨೧ ಜುಲೈ ೧೯೭೪

ಶಿವರತ್ನಳಿಗೆ ನಿಮ್ಮಪ್ಪ ದೊಡ್ಡಮಾದಪ್ಪ ಬರೆಯುವುದು.

ಕಾಗದ ತಲುಪಿತು. ನಿಮ್ಮವ್ವ ಶಂಕರಮ್ಮ ನನ್ನ ಕೈಲಿ ಎರಡು ಸಲ ಓದಿಸಿಕೊಂಡಳು. ಬಕೆಟ್ಟು ತಳ್ಳಿದವಳು ಯಾರು, ಅವಳ ಅಪ್ಪನ ಊರು ಯಾವುದು ಅಂತ ಕೇಳುತ್ತಿದ್ದಾಳೆ. ಹುರಿಹಿಟ್ಟು ಮತ್ತೆ ಕಳಿಸುತ್ತಾಳಂತೆ, ಊರವರಿಗೆಲ್ಲಾ ಹಂಚಬೇಡವಂತೆ.

ನೀನು ಕೇಳಿದ್ದಕ್ಕೆ ಉತ್ತರ. ಮೊದಲೇ ಹೇಳಿಬಿಡುತ್ತೇನೆ, ಜಮೀನಿನ ವಿಷಯ ಒಂದಕ್ಷರ ಬರೆಯುವುದಿಲ್ಲ. ಭೂಸುಧಾರಣೆ ಅಂತ ಹನೂರಿನಿಂದ ಕೊಳ್ಳೇಗಾಲದವರೆಗೆ ಗುಲ್ಲೆದ್ದಿದೆ. ನಿಮ್ಮ ಪ್ರೊಫೆಸರು ಯಾರ ಕಡೆಯವನೋ ಯಾರಿಗೆ ಗೊತ್ತು.

ನಮ್ಮೂರಲ್ಲಿ ಬೀದಿ ಎರಡು, ಮೇಲಿನ ಬೀದಿ, ಕೆಳಗಿನ ಬೀದಿ. ಆಮೇಲೆ ಕೇರಿ. ಸ್ಕೂಲಿನಲ್ಲಿ ಮಕ್ಕಳು ಎಲ್ಲಾ ನೆಲದ ಮೇಲೇ ಕೂರುತ್ತಾರೆ, ಬೆಂಚು ಸರ್ಕಾರ ಇನ್ನೂ ಕೊಟ್ಟಿಲ್ಲ. ನೀರಿನ ವಿಷಯಕ್ಕೆ ಬಂದರೆ ಈ ಸೀಮೆಯಲ್ಲೇ ನಮ್ಮೂರು ಒಂದು ಮಾದರಿ. ಬೇರೆ ಊರುಗಳಲ್ಲಿ ಜಾತಿಗೊಂದು ಬಾವಿ, ಕೇರಿಯವರಿಗೆ ಹಳ್ಳದ ಗುಂಡಿ. ನಮ್ಮಲ್ಲಿ ಹಾಗಿಲ್ಲ. ಇರುವುದು ಒಂದೇ ಬಾವಿ, ನಮ್ಮ ತಾತ ತೋಡಿಸಿದ್ದು, ಸಿಹಿನೀರು. ಮೇಲಿನ ಬೀದಿ, ಕೆಳಗಿನ ಬೀದಿ, ಕೇರಿ, ಎಲ್ಲರೂ ಅದೇ ನೀರು ಕುಡಿಯುತ್ತೇವೆ. ನೀರು ಅಂತ ಬಂದವರಿಗೆ ಈ ಊರಲ್ಲಿ ಇಲ್ಲ ಅಂದವರಿಲ್ಲ. ಭೇದಗೀದ ನಂಜಪ್ಪನದೊಡ್ಡಿಯಲ್ಲಿ ಇಲ್ಲ ಅಂತ ದಪ್ಪಕ್ಷರದಲ್ಲಿ ಬರೆದುಕೋ.

ಗುರುಪಾದಸ್ವಾಮಿಯ ಅಪ್ಪ ಸಂತೆಯಲ್ಲಿ ಸಿಕ್ಕಿದ್ದರು. ಹುಡುಗಿ ಏನು ಓದುತ್ತಿದ್ದಾಳೆ ಅಂದರು. ಹೆಸರು ಸರಿಯಾಗಿ ಬಾಯಿಗೆ ಬರಲಿಲ್ಲ, ದೊಡ್ಡದೇನೋ ಓದುತ್ತಿದ್ದಾಳೆ ಅಂದೆ.

ದೊಡ್ಡಮಾದಪ್ಪ


ಬೆಂಗಳೂರು
೪ ಆಗಸ್ಟ್ ೧೯೭೪

ಅಪ್ಪನಿಗೆ,

ನಿಮ್ಮ ಕಾಗದವನ್ನು ತರಗತಿಯಲ್ಲಿ ನಾನೇ ನಿಂತು ಓದಿದೆ. ಬೆಂಚಿನ ಮಾತಿಗೆ ಎಲ್ಲರೂ ನಕ್ಕರು. ಬಾವಿಯ ಮಾತು ಬಂದಾಗ ಒಬ್ಬರೂ ನಗಲಿಲ್ಲ. ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇನ್ನೊಂದು ಸಲ ಓದು ಅಂದರು. ಓದಿದೆ. ಧಾರವಾಡದವಳು ಎದ್ದು ನಿಂತು, ‘ನಮ್ಮೂರಾಗ ನಾಕು ಬಾವಿ ಅದಾವ್ರೀ ಸರ. ನಾಕೂ ಬಾವಿಗೆ ಜಾತಿ ಅದ’ ಅಂದಳು. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ಒಂದೇ ಬಾವಿಯ ಊರಿನವಳು ಅಂತ ಹಾಸ್ಟೆಲಿನಲ್ಲಿ ಹೆಸರಾಗಿಬಿಟ್ಟಿದ್ದೇನೆ.

ಪ್ರೊಫೆಸರು ನನ್ನನ್ನು ಕೇಳಿದರು, ನಿಮ್ಮ ತಂದೆ ಬರೆದದ್ದು ನಿಜವೇ ಅಂತ. ನಮ್ಮಪ್ಪ ಸುಳ್ಳು ಬರೆಯುವವರಲ್ಲ ಸಾರ್ ಅಂದೆ.

ಈಗ ಸಂತೋಷದ ಸುದ್ದಿ. ಬರುವ ಜನವರಿಯಲ್ಲಿ ಇಡೀ ತರಗತಿ ನಮ್ಮೂರಿಗೆ ಬರುತ್ತದೆ. ವ್ಯಾನು ಗೊತ್ತುಮಾಡುತ್ತಾರೆ. ಹುಡುಗರು ಹುಡುಗಿಯರು ಸೇರಿ ಮೂವತ್ತು ಜನ. ಊಟದ ಚಿಂತೆ ಬೇಡ, ಮಜ್ಜಿಗೆ ಕೊಟ್ಟರೆ ಸಾಕು. ನಿಮ್ಮ ಬಾಯಿಂದಲೇ ಬಾವಿಯ ಕಥೆ ಕೇಳಬೇಕಂತೆ. ಕಣ್ಣಾರೆ ಕಂಡದ್ದು ಕಾಗದದಲ್ಲಿರುವುದಕ್ಕೆ ತಾಳೆಯಾದರೆ ನನಗೆ ತರಗತಿಗೇ ಹೆಚ್ಚಿನ ಅಂಕ. ಆಗದಿದ್ದರೆ ಸೊನ್ನೆ. ತಾಳೆಯಾಗದೆ ಏನು, ಬರೆದವರು ನೀವು.

ಶಿವರತ್ನ


ಕಾರ್ಡು
ನಂಜಪ್ಪನದೊಡ್ಡಿ
೧೯ ಆಗಸ್ಟ್ ೧೯೭೪

ಶಿವರತ್ನಳಿಗೆ,

ಯಾರನ್ನೂ ಕರೆತರಬೇಡ. ಹನೂರು ರಸ್ತೆ ಕಿತ್ತುಹೋಗಿದೆ. ನಿಮ್ಮವ್ವನಿಗೆ ಕಾಲು ಊದಿಕೊಂಡಿದೆ. ಎತ್ತುಗಳಿಗೆ ಕಾಲುಬಾಯಿ ರೋಗ ಬಂದಿದೆ, ಹೊರಗಿನವರು ಬರಬಾರದು. ಗಂಡು ಹೆಣ್ಣು ಒಂದೇ ವ್ಯಾನಿನಲ್ಲಿ ಬರುವುದನ್ನು ಊರವರು ನೋಡಿಲ್ಲ. ನಿಮ್ಮ ಪ್ರೊಫೆಸರಿಗೆ ನೀರೇ ನೋಡಬೇಕು ಅಂತಿದ್ದರೆ ಶಿವನಸಮುದ್ರಕ್ಕೆ ಕರೆದುಕೊಂಡು ಹೋಗು, ಅಲ್ಲಿ ಬೇಕಾದಷ್ಟು ಬೀಳುತ್ತದೆ.

ದೊಡ್ಡಮಾದಪ್ಪ


ಬೆಂಗಳೂರು
೨ ಸೆಪ್ಟೆಂಬರ್ ೧೯೭೪

ಅಪ್ಪನಿಗೆ,

ಜನವರಿಯಷ್ಟೊತ್ತಿಗೆ ರಸ್ತೆ ಒಣಗಿರುತ್ತದೆ. ಅವ್ವ ಬಸ್ ಕಂಡಕ್ಟರ್ ಕೈಲಿ ಹುರಿಹಿಟ್ಟು ಕಳಿಸಿದ್ದಳು, ಕಾಲು ಹೇಗಿದೆ ಅಂತ ಅವನನ್ನೇ ಕೇಳಿದೆ. ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದು ಡಬ್ಬಿ ಕೊಟ್ಟಳಂತೆ. ಎತ್ತುಗಳ ರೋಗಕ್ಕೆ ನನ್ನ ಸಹಪಾಠಿಗಳು ಕಾರಣರಾಗುವುದಿಲ್ಲ, ಅವರಿಗೆ ಇರುವುದು ಎರಡೇ ಕಾಲು.

ಇನ್ನು ಆಟ ಸಾಕು. ನೇರ ಬರೆಯುತ್ತೇನೆ.

ನೀವು ಬರೆದದ್ದರಲ್ಲಿ ಸುಳ್ಳಿಲ್ಲ. ಒಂದು ಸಾಲು ಬಿಟ್ಟಿದ್ದೀರಿ, ಅಷ್ಟೇ. ನೀರು ಒಂದೇ, ಎಲ್ಲರೂ ಕುಡಿಯುತ್ತಾರೆ. ಆದರೆ ಸೇದುವವರು ಯಾರು? ಕೇರಿಯ ಹೆಂಗಸರು ಬಾವಿಯಿಂದ ದೂರ, ಆ ಹೊಂಗೆಮರದ ಬುಡದಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತಿರುತ್ತಾರೆ. ಮೇಲಿನ ಬೀದಿಯ ಯಾವಳಾದರೂ ಬರಬೇಕು, ಮೊದಲು ತನ್ನ ಬಿಂದಿಗೆ ತುಂಬಿಸಬೇಕು, ಆಮೇಲೆ ಮನಸ್ಸು ಬಂದರೆ ಒಂದು ಸೇದು ಸೇದಿ, ತಾಗದ ಹಾಗೆ ಎತ್ತರದಿಂದ ಅವರ ಕೊಡಕ್ಕೆ ಹುಯ್ಯಬೇಕು. ಅರ್ಧ ನೀರು ಕೊಡಕ್ಕೆ, ಅರ್ಧ ನೆಲಕ್ಕೆ. ಹೊಲಕ್ಕೆ ಹೊತ್ತಾಯಿತು ಅಂತ ನಮ್ಮವರು ಹೊರಟುಹೋದರೆ ಅವರು ಕೂತೇ ಇರಬೇಕು. ಕಣ್ಣೆದುರಿಗೇ ಹಗ್ಗ, ರಾಟೆ, ನೀರು. ಮುಟ್ಟುವ ಹಾಗಿಲ್ಲ. ಇದಕ್ಕೆ ನೀವು ‘ಇಲ್ಲ ಅಂದವರಿಲ್ಲ’ ಅಂತ ಹೆಸರಿಟ್ಟಿದ್ದೀರಿ. ಇದನ್ನು ಮಾಡಬಾರದು ಅಂತ ಕಾನೂನು ಬಂದು ಎಷ್ಟು ಕಾಲವಾಯಿತು? ಅದು ಕೊಳ್ಳೇಗಾಲದವರೆಗೆ ಬಂದು ಅಲ್ಲೇ ಬಸ್ಸು ತಪ್ಪಿಸಿಕೊಂಡಿದೆಯೇ?

ನನಗೆ ಇದು ಗೊತ್ತಿದ್ದೂ ನಿಮ್ಮ ಕಾಗದವನ್ನು ಓದಿದೆ. ಅವರು ಬಂದೇ ಬರುತ್ತಾರೆ. ದಿನ ಗೊತ್ತಾಗಿದೆ, ಜನವರಿ ೧೯, ಭಾನುವಾರ. ಕಾಣುವುದನ್ನು ಕಾಣುತ್ತಾರೆ. ಸೊನ್ನೆ ಬಂದರೆ ಟ್ರಂಕು ಕಟ್ಟಿಕೊಂಡು ಯಳಂದೂರಿಗೆ ಹೋಗುತ್ತೇನೆ, ನಿಮ್ಮ ಮಾತು ಉಳಿಸುತ್ತೇನೆ. ನಿಮ್ಮ ಕಾಗದದ ಮಾತನ್ನು ಉಳಿಸುವುದು ನಿಮಗೆ ಬಿಟ್ಟದ್ದು.

ಶಿವರತ್ನ


ನಂಜಪ್ಪನದೊಡ್ಡಿ
೧೦ ನವೆಂಬರ್ ೧೯೭೪

ಶಿವರತ್ನಳಿಗೆ ಅಪ್ಪ ಬರೆಯುವುದು.

ಇಷ್ಟು ದಿನ ಉತ್ತರ ಬರೆಯಲಿಲ್ಲ. ಕೋಪ ಇತ್ತು. ರಾಗಿಯ ಕಳೆಯೂ ಇತ್ತು. ಕಳೆ ಮುಗಿಯಿತು, ಕೋಪ ಇನ್ನೂ ಇದೆ.

ಗೊತ್ತಿದ್ದೂ ಓದಿದೆ ಅಂತ ಬರೆದಿದ್ದೀಯಲ್ಲ, ನಿನಗೆ ಏನನ್ನಬೇಕು? ಹೆತ್ತ ಅಪ್ಪನನ್ನು ಮೂವತ್ತು ಜನದ ಮುಂದೆ ನಿಲ್ಲಿಸುವುದಕ್ಕಾ ನಾನು ನಿನ್ನನ್ನು ಬೆಂಗಳೂರಿಗೆ ಬಸ್ಸು ಹತ್ತಿಸಿದ್ದು? ಇದೇ ಏನು ನಿನ್ನ ಸಮಾಜಶಾಸ್ತ್ರ?

ಇರಲಿ. ಊರಿನ ಮರ್ಯಾದೆ, ಹಾಳಾಗಲು ಬಿಡುವುದಿಲ್ಲ. ಬಸವೇಶ್ವರ ಗುಡಿಯ ಜಗಲಿಯಲ್ಲಿ ನಾಲ್ಕು ಜನ ಸೇರಿದೆವು. ನಿನ್ನ ದೊಡ್ಡಪ್ಪ ಕೆಂಪನಂಜಪ್ಪನೇ ಉಪಾಯ ಹೇಳಿದ. ಅವರು ಬರುವ ಒಂದು ದಿನ ಕೇರಿಯವರು ಬಾವಿಗೆ ಬಂದು ಸೇದಲಿ, ವ್ಯಾನು ಶಾಗ್ಯ ದಾಟಿದ ಮೇಲೆ ಬಾವಿಗೆ ಗಂಜಲ ಚಿಮುಕಿಸಿ ಮೊದಲಿನ ಹಾಗೇ ನಡೆಸಿದರಾಯಿತು ಅಂದ. ಎಲ್ಲರೂ ಒಪ್ಪಿದರು. ನನಗೂ ಸರಿ ಅನ್ನಿಸಿತು. ಕೇರಿಯ ಹೆಂಗಸರೆಲ್ಲಾ ದೇವೀರಮ್ಮನ ಮಾತು ಕೇಳುತ್ತಾರೆ, ನಿನಗೆ ಗೊತ್ತಲ್ಲ, ನಮ್ಮ ಹೊಲಕ್ಕೆ ನಾಟಿಗೆ ಬರುವವಳು. ಅವಳನ್ನು ಕರೆಸಿದೆ. ಒಂದು ದಿನ ನೀವೇ ಸೇದಿ ಅಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

ಅವಳು ಕುಕ್ಕರಗಾಲಲ್ಲಿ ಕೂತು ಎಲ್ಲಾ ಕೇಳಿಸಿಕೊಂಡಳು. ಆಮೇಲೆ, ‘ಮಾರ್ನೆ ದಿನ ಬುದ್ದಿ?’ ಅಂದಳು. ಮಾರನೇ ದಿನ ಮಾಮೂಲು ಅಂದ ಕೆಂಪನಂಜಪ್ಪ. ಅವಳು ತಲೆಯಾಡಿಸಿದಳು. ಏನೋ ಕೇಳಿಕೊಳ್ಳಲು ನೋಡುತ್ತಿದ್ದಾಳೆ ಅಂದುಕೊಂಡು, ಕೊಳ್ಳೇಗಾಲದಿಂದ ಒಂದು ಸೀರೆ ತರಿಸಿಕೊಡುತ್ತೇನೆ ಅಂದೆ.

‘ಸೀರೆ ಬ್ಯಾಡಿ ಬುದ್ದಿ, ಅಗ್ಗ ಕೊಡಿ’ ಅಂದಳು.

ಹಗ್ಗ ಕೊಡುವುದಾದರೆ ದಿನಾ ಕೊಡಬೇಕಂತೆ. ಅವರು ಬರುವುದಕ್ಕೆ ಮುಂಚೆಯೇ ಕೊಡಬೇಕಂತೆ. ಇಲ್ಲವಾದರೆ ಕೇರಿಯ ಹೆಂಗಸರು ಅವತ್ತು ಏನೂ ಮಾಡುವುದಿಲ್ಲವಂತೆ. ದಿನಾ ಕೂರುವ ಹಾಗೆ ಹೊಂಗೆಮರದ ಬುಡದಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತಿರುತ್ತಾರಂತೆ. ಬಂದವರು ನೋಡಿಕೊಳ್ಳುತ್ತಾರಂತೆ. ಇಷ್ಟು ಹೇಳಿ ಸೀರೆಯ ಮಣ್ಣು ಕೊಡವಿಕೊಂಡು ಎದ್ದುಹೋದಳು. ಇವಳಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ನೀನೇನಾದರೂ ಅವಳಿಗೆ ಕಾಗದ ಬರೆದೆಯಾ?

ದೊಡ್ಡಮಾದಪ್ಪ


ಬೆಂಗಳೂರು
೧೭ ನವೆಂಬರ್ ೧೯೭೪

ಅಪ್ಪನಿಗೆ,

ದೇವೀರಮ್ಮನಿಗೆ ನಾನು ಕಾಗದ ಬರೆದಿಲ್ಲ. ಧೈರ್ಯವನ್ನು ಬೆಂಗಳೂರಿನಿಂದ ಪಾರ್ಸೆಲ್ ತರಿಸಿಕೊಳ್ಳಬೇಕಾದವಳಲ್ಲ ಅವಳು. ಇಷ್ಟು ವರ್ಷ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನೀವು ಕೇಳಿದಿರಿ, ಅವಳು ಹೇಳಿದಳು. ನನ್ನನ್ನು ಕೇಳಿದರೆ ಆ ಜಗಲಿಯ ಮುಂದೆ ಕೂತಿದ್ದವರಲ್ಲಿ ನೆಟ್ಟಗೆ ಮಾತಾಡಿದವಳು ಅವಳೊಬ್ಬಳೇ.

ಒಂದು ದಿನದ ಉಪಾಯವನ್ನು ಓದಿ ಕೋಣೆಯಲ್ಲಿ ನಕ್ಕುಬಿಟ್ಟೆ, ಆಮೇಲೆ ಸಿಟ್ಟು ಬಂತು. ಗಂಜಲ ಚಿಮುಕಿಸುತ್ತೀರಂತಲ್ಲ, ಯಾವುದಕ್ಕೆ? ಅವರು ಗದ್ದೆಯಲ್ಲಿ ನಿಂತು ನೆಟ್ಟ ಭತ್ತಕ್ಕೆ ಚಿಮುಕಿಸಿದ್ದೀರಾ? ಅವರು ಕಟ್ಟಿದ ನಮ್ಮ ಮನೆಯ ಹಿತ್ತಿಲ ಗೋಡೆಗೆ? ಅವರ ಕೈ ಭತ್ತಕ್ಕೆ ಆಗುತ್ತದೆ, ಗೋಡೆಗೆ ಆಗುತ್ತದೆ, ಹಗ್ಗಕ್ಕೆ ಮಾತ್ರ ಆಗುವುದಿಲ್ಲ. ಕಲ್ಯಾಣದ ಶರಣರ ಹೆಸರು ಹೇಳಿ ವಿಭೂತಿ ಇಟ್ಟುಕೊಳ್ಳುವ ನಾವು ಈ ಮಾತನ್ನು ಬಸವೇಶ್ವರನ ಗುಡಿಯ ಜಗಲಿಯಲ್ಲೇ ಕೂತು ಆಡಿದ್ದೇವೆ. ಒಳಗಿದ್ದ ಬಸವ ಎದ್ದು ಬಂದು ಒದೆಯಲಿಲ್ಲವಲ್ಲ, ಅವನ ತಾಳ್ಮೆ ದೊಡ್ಡದು.

ಅಪ್ಪನನ್ನು ಜನದ ಮುಂದೆ ನಿಲ್ಲಿಸಿದೆ ಅಂದಿರಿ. ಕೇಳಿ. ಕಾಗದ ಕೈಗೆ ಬಂದಾಗ ನನಗೆ ಎರಡು ದಾರಿ ಇತ್ತು. ತರಗತಿಯಲ್ಲಿ ನಿಂತು, ನಮ್ಮಪ್ಪ ಒಂದು ಸಾಲು ಮುಚ್ಚಿಟ್ಟಿದ್ದಾರೆ ಅಂತ ಹೇಳುವುದು ಒಂದು. ನೀವು ಬರೆದದ್ದೇ ನಿಜವಾಗುವ ಹಾಗೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಮಾಡಿದ್ದರೆ ನನಗೆ ಅವತ್ತೇ ಒಳ್ಳೆಯ ಅಂಕ ಬರುತ್ತಿತ್ತು. ಎರಡನೆಯದರಲ್ಲಿ ನನ್ನ ಓದನ್ನೇ ಪಣಕ್ಕಿಟ್ಟಿದ್ದೇನೆ. ನೀವು ಯೋಗ್ಯರು ಅಂತ ನಂಬದೆ ಇಟ್ಟೆನೇ?

ಅವ್ವ ಏನಂತಾಳೆ? ಇಷ್ಟೂ ಕಾಗದದಲ್ಲಿ ಅವಳ ಕಾಲಿನ ಸುದ್ದಿ ಬರೆದಿದ್ದೀರಿ, ಬಾವಿಯ ಬಗ್ಗೆ ಅವಳ ಮಾತು ಬರೆದಿಲ್ಲ.

ಶಿವರತ್ನ


ನಂಜಪ್ಪನದೊಡ್ಡಿ
೧೪ ಜನವರಿ ೧೯೭೫

ಶಿವರತ್ನಳಿಗೆ,

ಇವತ್ತು ಸಂಕ್ರಾಂತಿ. ಎಳ್ಳು ಬೆಲ್ಲ ಕಂಡಕ್ಟರ್ ಕೈಲಿ ಕೊಟ್ಟಿದೆ.

ಅವ್ವ ಏನಂತಾಳೆ ಅಂತ ನೀನು ಕೇಳಿದ್ದೆ. ನಾನು ಕೇಳಿರಲಿಲ್ಲ. ಕಾಗದ ಓದಿಹೇಳುವಾಗ ಆ ಸಾಲು ಬಂತು, ಓದಿದೆ, ಕೇಳಿದ ಹಾಗಾಯಿತು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, ‘ದೊಡ್ಡಸ್ತಿಕೆ ನಿಮ್ದು, ರಟ್ಟೆ ನಮ್ದು’ ಅಂದಳು.

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಕೇರಿಗೆ ನೀರು ಸೇದಿ ಹುಯ್ಯುವವರು ಗಂಡಸರಲ್ಲವಂತೆ. ಮದುವೆಯಾಗಿ ಈ ಊರಿಗೆ ಬಂದ ಮಾರನೇ ಬೆಳಿಗ್ಗೆಯಿಂದ ತಮ್ಮ ಮನೆಗೂ ಸೇದಿ, ಕೇರಿಗೂ ಸೇದಿ ಅವಳ ತೋಳು ಸತ್ತಿದೆಯಂತೆ. ಅವರಿಗೇನು ಕೈಯಿಲ್ಲವಾ, ಅವರ ನೀರು ಅವರು ಸೇದಿಕೊಂಡರೆ ಯಾವ ಗಂಡಸಿನ ಗಂಟು ಹೋಗುತ್ತದೆ ಅಂದಳು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದೆ. ಯಾರು ಕೇಳಿದ್ದರು ಅಂದಳು. ನಿನ್ನ ಬಾಯಿ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು, ನಾನು ಸುಮ್ಮನೆ ಬೆಂಗಳೂರನ್ನು ಬೈಯುತ್ತಿದ್ದೆ.

ಜಗಲಿಯಲ್ಲಿ ಮತ್ತೆ ಸೇರಿದೆವು. ಈ ಸಲ ಮೇಲಿನ ಬೀದಿಯ ಹೆಂಗಸರು ಕರೆಯದೆಯೇ ಬಂದು ಕಂಬದ ಹಿಂದೆ ನಿಂತಿದ್ದರು. ಕೆಂಪನಂಜಪ್ಪ ಕೂಗಾಡಿದ. ಕೊನೆಗೆ ಅವನ ಹೆಂಡತಿಯೇ, ‘ಅಂಗಾರೆ ನಾಳಿಂದ ನೀವೇ ಸೇದಿ ಉಯ್ರಿ’ ಅಂದಳು. ಆಮೇಲೆ ಅವನು ಕೂತುಬಿಟ್ಟ.

ನಿನ್ನೆ ಸೋಮವಾರ, ಒಳ್ಳೆಯ ದಿನ ಅಂತ ಹಗ್ಗ ಕೊಟ್ಟೆವು. ಕೊಟ್ಟೆವು ಅಂದರೆ ರಾಟೆಗೆ ಹಾಕಿ ನಾವು ಈಚೆಗೆ ಬಂದೆವು. ದೇವೀರಮ್ಮ ಬಂದಳು, ಸೇದಿದಳು. ಗುಡುಗಲಿಲ್ಲ, ಸಿಡಿಲು ಬೀಳಲಿಲ್ಲ. ರಾಟೆ ಮಾತ್ರ ಕಿರ್ರೋ ಅಂತ ಕೂಗುತ್ತಿತ್ತು. ಎಣ್ಣೆ ಹಾಕಿಸಬೇಕು.

ನಾಲ್ಕಾರು ತಿಂಗಳಿಂದ ಹೀಗೇ ಉಂಟು ಅಂತ ನಿಮ್ಮ ಪ್ರೊಫೆಸರಿಗೆ ಹೇಳಲು ದೇವೀರಮ್ಮನಿಗೆ ಹೇಳಿಸಿದ್ದೇನೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಂದು ಸೇರಿ.

ದೊಡ್ಡಮಾದಪ್ಪ


ಬೆಂಗಳೂರು
೨೩ ಜನವರಿ ೧೯೭೫

ಅಪ್ಪನಿಗೆ,

ಹಿಂದಕ್ಕೆ ಬರುವಾಗ ವ್ಯಾನಿನಲ್ಲಿ ಮಳವಳ್ಳಿ ದಾಟುವ ತನಕ ಯಾರೂ ಹಾಡು ಹೇಳಲಿಲ್ಲ, ನಿಮ್ಮ ಮಾತೇ ಆಡಿದರು. ಅವ್ವನ ಮಜ್ಜಿಗೆಯ ಮಾತು ಆಮೇಲೆ ಬಂತು.

ನಿಜ ಹೇಳುತ್ತೇನೆ. ಪ್ರೊಫೆಸರು ಬಾವಿಕಟ್ಟೆಯ ಹತ್ತಿರ, ‘ಎಷ್ಟು ವರ್ಷದಿಂದ ಈ ಬಾವಿಯಲ್ಲಿ ನೀರು ಸೇದುತ್ತಿದ್ದೀರಮ್ಮಾ’ ಅಂತ ದೇವೀರಮ್ಮನನ್ನು ಕೇಳಿದರು. ಅವಳು ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ, ‘ಓದ ಸೋಮಾರದಿಂದ ಸಾ’ ಅಂದಳು. ಮೂವತ್ತು ಜನ ಮೂವತ್ತು ಪೆನ್ನು ಹಿಡಿದು ನಿಂತಿದ್ದರು, ಒಬ್ಬರೂ ಬರೆಯಲಿಲ್ಲ. ಪ್ರೊಫೆಸರು ನನ್ನನ್ನು ನೋಡಿದರು. ಆಯಿತು ಶಿವರತ್ನ, ಇನ್ನು ಅಕ್ಕಿ ಗಿರಣಿಯೇ ಗತಿ ಅಂದುಕೊಂಡೆ. ದೇವೀರಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅವಳು ಸುಳ್ಳು ಯಾಕೆ ಹೇಳಬೇಕು? ನಮ್ಮ ಮಾನ ಕಾಯುವುದೂ ಅವಳ ಕೂಲಿಯೇ?

ಆಗ ನೀವು ಕೆಮ್ಮಿದಿರಿ. ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡು ಮುಂದೆ ಬಂದಿರಿ. ‘ಅವ್ಳು ಯೋಳೋದೇ ದಿಟ ಸಾ. ನಾನು ಬರ್ದಾಗ ನೀರು ಒಂದೇ ಇತ್ತು, ಅಗ್ಗ ಎಲ್ರುದೂ ಆಗಿರ್ನಿಲ್ಲ. ಸೊನ್ನೆ ಕೊಡೋದಾದ್ರೆ ನನ್ಗೆ ಕೊಡಿ, ಮಗೀಗೆ ಬ್ಯಾಡಿ’ ಅಂದಿರಿ.

ನಿಮ್ಮ ಮುಖ ನೋಡಲು ಆಗದೆ ನಾನು ಬಾವಿಯೊಳಗೆ ಇಣುಕಿ ನೋಡುತ್ತಿದ್ದೆ. ನೀರಿನಲ್ಲೂ ನೀವೇ ಕಾಣುತ್ತಿದ್ದಿರಿ.

ಪ್ರೊಫೆಸರು ಸೊನ್ನೆಯನ್ನು ಯಾರಿಗೂ ಕೊಟ್ಟಿಲ್ಲ. ಅಂಕವನ್ನೂ ಕೊಟ್ಟಿಲ್ಲ. ಹಳೆಯ ಕಾಗದ ನಡೆಯುವುದಿಲ್ಲ, ಹಗ್ಗ ಹೇಗೆ ಕೈ ಬದಲಾಯಿಸಿತು ಅಂತ ಮೊದಲಿಂದ ಬರೆಯಬೇಕು ಅಂದರು. ಇನ್ನೂ ಒಂದು ಮಾತು ಅಂದರು. ವ್ಯಾನು ನಿಂತಿರುವ ತನಕ ಬಾವಿ ಎಲ್ಲರದೂ ಆಗಿರುವುದು ದೊಡ್ಡದಲ್ಲ, ಮಾರ್ಚಿನಲ್ಲೂ ಹಗ್ಗ ಅಲ್ಲೇ ಇದೆಯೋ ಇಲ್ಲವೋ ಅಂತ ನಿಮ್ಮ ತಂದೆಯೇ ಬರೆದು ತಿಳಿಸಲಿ, ಅಲ್ಲಿಯವರೆಗೆ ಅಂಕ ನನ್ನ ಹತ್ತಿರ ಇರುತ್ತದೆ ಅಂದರು.

ನನ್ನ ಎರಡನೇ ವರ್ಷ ಈಗ ಆ ರಾಟೆಗೆ ನೇತುಬಿದ್ದಿದೆ. ಎಣ್ಣೆ ಹಾಕಿಸಿದಿರಾ?

ಶಿವರತ್ನ


ನಂಜಪ್ಪನದೊಡ್ಡಿ
೧೬ ಮಾರ್ಚ್ ೧೯೭೫

ಶಿವರತ್ನಳಿಗೂ, ಅವಳ ಪ್ರೊಫೆಸರು ಸದಾಶಿವಪ್ಪನವರಿಗೂ ದೊಡ್ಡಮಾದಪ್ಪ ಬರೆಯುವುದು.

ಎಣ್ಣೆ ಹಾಕಿಸಿದೆ. ಈಗ ಕೂಗುವುದಿಲ್ಲ.

ಕೇಳಿದ್ದಕ್ಕೆ ಉತ್ತರ. ನಿಮ್ಮ ವ್ಯಾನು ಹೋದ ಮಾರನೇ ಬೆಳಿಗ್ಗೆ ಕೆಂಪನಂಜಪ್ಪ ಬಾವಿಯ ಹತ್ತಿರ ಹೋಗಿ, ನಾಟಕ ಮುಗಿಯಿತು, ಹಗ್ಗ ಬಿಡು ಅಂತ ದೇವೀರಮ್ಮನಿಗೆ ಹೇಳಿದ. ‘ನಾಟ್ಕ ಆಡ್ದೋರು ನೀವು. ನಾನು ನೀರ್ ಸೇದ್ದೆ’ ಅಂದಳಂತೆ. ಅವನು ನನ್ನ ಹತ್ತಿರ ದೂರು ತಂದ. ಅವಳು ಹೇಳಿದ್ದು ಸರಿಯಾಗೇ ಇದೆ ಅಂದೆ. ಆ ಸಿಟ್ಟಿಗೆ ಅವನು ತೋಟದ ಪಂಪ್‌ಸೆಟ್ಟಿನಿಂದ ಗಾಡಿಯ ಮೇಲೆ ಡ್ರಮ್ಮಿನಲ್ಲಿ ನೀರು ತರಿಸಲು ಶುರುಮಾಡಿದ. ನಮ್ಮ ಕಡೆ ಕರೆಂಟು ಹೇಗೆ ಬರುತ್ತದೆ ಅಂತ ನಿನಗೆ ಗೊತ್ತು. ನೀರು ಬಂದ ದಿನ ಎತ್ತು ಖಾಲಿ ಇಲ್ಲ, ಎತ್ತು ಖಾಲಿ ಇದ್ದ ದಿನ ನೀರಿಲ್ಲ. ಡ್ರಮ್ಮಿನಲ್ಲಿ ಮೊದಲು ಸೀಮೆಎಣ್ಣೆ ಇತ್ತಂತೆ, ಮನೆಯ ಮುದ್ದೆಯೆಲ್ಲಾ ಲಾಂದ್ರದ ವಾಸನೆ. ಶಿವರಾತ್ರಿ ಕಳೆದ ಮೇಲೆ ಅವನ ಹೆಂಡತಿ ಬಿಂದಿಗೆ ತೆಗೆದುಕೊಂಡು ಬಾವಿಗೇ ಬಂದಳು. ಕೇರಿಯ ಹೆಂಗಸರು ಜಾಗ ಬಿಟ್ಟರು. ಅವನು ಈಗಲೂ ನೀರು ಎಲ್ಲಿಯದು ಅಂತ ಕೇಳುವುದಿಲ್ಲ, ಕುಡಿಯುತ್ತಾನೆ.

ಎಲ್ಲಾ ಸರಿಹೋಯಿತು ಅಂತ ಬರೆಯುವುದಿಲ್ಲ. ಕೆಳಗಿನ ಬೀದಿಯ ಎರಡು ಮನೆಯವರು ಇನ್ನೂ ಮೊದಲು ಬಂದು, ಕೇರಿಯವರು ಬರುವುದಕ್ಕೆ ಮುಂಚೆ ಸೇದಿಕೊಂಡು ಹೋಗುತ್ತಾರೆ. ಗುಡಿಯ ಬಾಗಿಲಿನ ವಿಷಯ ದೇವೀರಮ್ಮ ಮೊನ್ನೆ ಎತ್ತಿದಳು. ಮೊದಲು ಬುದ್ದಿ ಅನ್ನುತ್ತಿದ್ದವಳು ಈಗ ಮಾದಪ್ಪಣ್ಣ ಅನ್ನುತ್ತಾಳೆ. ಕೇಳಿದಾಗ ಕಿವಿ ಬಿಸಿಯಾಗುತ್ತದೆ, ಎರಡು ಹೆಜ್ಜೆ ನಡೆದರೆ ತಣ್ಣಗಾಗುತ್ತದೆ.

ಯಳಂದೂರಿನಿಂದ ಹೇಳಿಕಳಿಸಿದ್ದರು. ಬಾವಿಯ ಸುದ್ದಿ ಅಲ್ಲಿಗೆ ಮುಟ್ಟಿದೆ. ಅಂಥ ಊರಿನ ಹೆಣ್ಣು ತಂದರೆ ನೆಂಟರಿಷ್ಟರು ತಮ್ಮ ಮನೆಯ ನೀರು ಮುಟ್ಟುವುದಿಲ್ಲವಂತೆ, ಆದ್ದರಿಂದ ಸಂಬಂಧ ಬೇಡವಂತೆ. ಒಂದು ಗಳಿಗೆ ಬೈದುಕೊಂಡೆ. ಆಮೇಲೆ ಯೋಚನೆ ಮಾಡಿದೆ. ನೀನು ಆ ಮನೆಗೆ ಹೋಗಿದ್ದರೆ ಅವರ ಗಿರಣಿಯಲ್ಲಿ ಯಾರು ಹೊರುತ್ತಾರೆ, ಯಾರು ಉಣ್ಣುತ್ತಾರೆ ಅಂತ ಕೇಳುತ್ತಿದ್ದೆ, ಅವರು ಮೂರೇ ದಿನಕ್ಕೆ ನಿನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಗಿರಣಿ ಅವರಿಗೇ ಇರಲಿ. ಜುಲೈಗೆ ಅವ್ವ ದೊಡ್ಡ ಡಬ್ಬಿ ಹುರಿಹಿಟ್ಟು ಕಟ್ಟುತ್ತಾಳಂತೆ, ಈ ಸಲ ಆ ಇಬ್ಬರು ಹುಡುಗಿಯರ ಪಾಲೂ ಸೇರಿಸಿ.

ಇನ್ನೊಂದು ವಿಷಯ, ಇದನ್ನು ನಿಮ್ಮ ಪ್ರೊಫೆಸರಿಗೆ ನಿಧಾನವಾಗಿ ಓದು. ನಿಮ್ಮವ್ವನ ರಟ್ಟೆ ನಿಜವಾಗಿಯೂ ಹಿಡಿದುಕೊಂಡಿತು. ಮೊನ್ನೆ ಬೆಳಿಗ್ಗೆ ನಾನು ಎತ್ತುಗಳನ್ನು ಹೊಡೆದುಕೊಂಡು ಬಾವಿಯ ಮುಂದೆ ಹೋಗುತ್ತಿದ್ದೆ. ನಿಮ್ಮವ್ವ ಖಾಲಿ ಬಿಂದಿಗೆ ಇಟ್ಟುಕೊಂಡು ಹೊಂಗೆಮರದ ಬುಡದಲ್ಲಿ ಕೂತಿದ್ದಳು. ದೇವೀರಮ್ಮ ಸೇದುತ್ತಿದ್ದಳು. ತನ್ನ ಕೊಡ ಪಕ್ಕಕ್ಕೆ ಸರಿಸಿ, ನಿಮ್ಮವ್ವನ ಬಿಂದಿಗೆ ತೆಗೆದುಕೊಂಡು ಮೊದಲು ಅದಕ್ಕೇ ಹುಯ್ದಳು. ಎತ್ತರದಿಂದಲ್ಲ, ಬಿಂದಿಗೆಯ ಬಾಯಿಗೆ ಬಾಯಿ ಹಚ್ಚಿ. ಒಂದು ತೊಟ್ಟೂ ನೆಲಕ್ಕೆ ಬೀಳಲಿಲ್ಲ.

ಬಿಂದಿಗೆಯನ್ನು ನಾನೇ ಮನೆಗೆ ಹೊತ್ತುಕೊಂಡು ಬಂದೆ. ಒಂದು ಚೊಂಬು ಬಗ್ಗಿಸಿಕೊಂಡು ಕುಡಿದೆ. ನೀರು ನೀರಿನ ಹಾಗೇ ಇತ್ತು.

ಈ ಸಲ ಯಾವ ಸಾಲನ್ನೂ ಬಿಟ್ಟಿಲ್ಲ.

ದೊಡ್ಡಮಾದಪ್ಪ